ಗಾಡಿಯ ರೋಗ, ನನ್ನ ಕೈಗುಣ

ನನ್ನ ಕೈಗುಣ ಕೆಟ್ಟದ್ದು ಎಂದು ಮೊದಲು ಹೇಳಿದವಳು ಕೆಂಚಕ್ಕ. ನನ್ನ ಅತ್ತೆಯ ಅಕ್ಕ, ನಮ್ಮ ಹಟ್ಟಿಯಲ್ಲೇ ಎದುರು ಮನೆ. ಅವಳ ಬಾಯಿಗೆ ಬಿದ್ದ ಸುದ್ದಿ ಬೆಳಗಿನ ಬಸ್ಸಿಗಿಂತ ಮೊದಲು ಶ್ರೀರಾಂಪುರ ಮುಟ್ಟುತ್ತದೆ.

ನಾವು ಹೊಸ ಕಾರು ತಗೊಂಡಿದ್ದೆವು. ನನ್ನ ಗಂಡ ಹನುಮೇಶ್ ಇಡೀ ಕುರಿಹಿಂಡನ್ನು ಗುಡ್ಡ ಹತ್ತಿಸಬಲ್ಲ, ಕಾರನ್ನು ಮಾತ್ರ ಅಂಗಳದಿಂದ ಈಚೆ ತರಲಾರ. ಹಾಗಾಗಿ ಹೊಸದುರ್ಗದಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿದವಳು ನಾನು. ಹಟ್ಟಿಯಲ್ಲಿ ಸ್ಟೇರಿಂಗ್ ಹಿಡಿದ ಮೊದಲ ಹೆಂಗಸು ಎಂದು ನನಗೂ ಸ್ವಲ್ಪ ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಕಾರು ಏರು ಕಂಡರೆ ಸಾಕು, ಆಫ್ ಆಗಿ ನಿಂತುಬಿಡುತ್ತಿತ್ತು. ಆಸ್ಪತ್ರೆಗೆ ಹೊರಟರೂ ನಿಂತಿತು, ಮದುವೆಗೆ ಹೊರಟರೂ ನಿಂತಿತು. ಮದುವೆಯ ದಿನ ಕೆಂಚಕ್ಕ ರೇಷ್ಮೆ ಸೀರೆ ಎತ್ತಿಕಟ್ಟಿ ಹಿಂದಿನಿಂದ ತಳ್ಳಬೇಕಾಯಿತು.

"ಗಾಡಿ ಹೊಸದು, ಪೆಟ್ರೋಲೂ ಐತೆ. ಇನ್ನು ಉಳಿದಿದ್ದು ಇವಳ ಕೈ ತಾನೇ?" ಎಂದಳು ಏದುಸಿರು ಬಿಡುತ್ತಾ.

ಕುರಿ ಸಾಕುವವರ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಕೈಗುಣ ಇಲ್ಲದವಳ ಕೈಯಿಂದ ಈದ ಕುರಿಗೆ ನೀರು ಇಡಿಸುವುದಿಲ್ಲ, ಎಳೆಮರಿಗೆ ಹಾಲು ಕುಡಿಸುವುದಿಲ್ಲ. ನೋಡನೋಡುತ್ತಲೇ ಓರಗಿತ್ತಿಯರೂ "ನೀನು ಬಿಡು ರೋಜಾ, ನಾವು ನೋಡ್ಕಂತೀವಿ" ಎನ್ನತೊಡಗಿದರು. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ನನಗೇನು ಬಾಯಿ ಇಲ್ಲವೇ? ಹೀಗೆ ಮರ್ಯಾದೆಯಿಂದ ದೂರ ಇಟ್ಟರೆ ಏನು ಮಾಡುವುದು? ಕುರಿರೊಪ್ಪದ ಬೇಲಿ ಹಿಡಿದು ನಿಂತು ಕಣ್ಣೀರು ಹಾಕಿದ್ದೇನೆ.

ಶೋರೂಮಿನವರೂ ಕೆಂಚಕ್ಕನ ಪಕ್ಷವೇ. ಚಿತ್ರದುರ್ಗಕ್ಕೆ ಎಷ್ಟು ಸಲ ಒಯ್ದರೂ "ಗಾಡಿ ಚೆನ್ನಾಗೈತೆ ಮೇಡಂ, ನೀವು ಓಡಿಸೋ ರೀತಿ ಸ್ವಲ್ಪ ಸರಿ ಮಾಡ್ಕಳ್ರಿ" ಎಂದು ನಕ್ಕು ಕಳಿಸುತ್ತಿದ್ದರು. ನಾನೂ ಬಿಡಲಿಲ್ಲ. ನಿಂತ ಕಡೆಯಲ್ಲೆಲ್ಲ ವಿಡಿಯೋ ಮಾಡಿ ಕಂಪನಿಗೆ ಕಳಿಸಿದೆ. ಗ್ರಾಹಕರ ಕೋರ್ಟಿಗೆ ಹೋಗುತ್ತೇನೆಂದು ಫೋನಿನಲ್ಲಿ ಗಂಟಲು ಹರಿಯುವಂತೆ ಕೂಗಾಡಿದೆ. ಕೊನೆಗೆ ಶೋರೂಮಿನ ಮ್ಯಾನೇಜರ್ ಮುರುಗೇಶಪ್ಪ ಪರೀಕ್ಷೆ ಮಾಡುತ್ತೇವೆಂದು ಕಾರನ್ನು ತಮ್ಮಲ್ಲೇ ಇಟ್ಟುಕೊಂಡರು. ಒಂದು ವಾರ ಬಿಟ್ಟು ಅವರೇ ಫೋನ್ ಮಾಡಿದರು.

"ಬರ್ರಿ ಮೇಡಂ, ಇದನ್ನ ನಾವು ಇಟ್ಕಂಡು ನಿಮಗೆ ಹೊಸ ಗಾಡೀನೇ ಕೊಡ್ತೀವಿ."

ನಾನು ಕುಣಿದಾಡಿದೆ. ನನ್ನ ಮಾವ ಸಣ್ಣಪ್ಪ ಕುಣಿಯಲಿಲ್ಲ. ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು, "ನಾಲ್ಕು ಜನಾನ ಕರ್ಕಂಡು ಹೋಗಾಣ" ಎಂದರು.

ಮಾರಿದ ಕುರಿಯನ್ನು ರೋಗವೆಂದು ವಾಪಸ್ ತಂದರೆ ಬದಲಿ ಕುರಿ ಕೊಟ್ಟು ಕಳಿಸಿದರಷ್ಟೇ ನಮ್ಮವರಲ್ಲಿ ಸಾಲದು. ಮಾರಿದವನು ನಾಲ್ಕು ಜನರ ಎದುರು ಬಾಯಿಬಿಟ್ಟು ಹೇಳಬೇಕು, ರೋಗ ಕುರಿಯದು, ಕೊಂಡವರ ಕೈ ಒಳ್ಳೆಯದು ಎಂದು. ಆ ಮಾತು ಬರದಿದ್ದರೆ ಕೊಂಡವರ ಕೈಮೇಲಿನ ಅಪವಾದ ಹಾಗೇ ಉಳಿಯುತ್ತದೆ.

"ಬದಲಿ ಆಮೇಲೆ ಬರ್ಲಿ, ಮೊದ್ಲು ಮಾತು ಬರ್ಬೇಕು" ಎಂದರು ಮಾವ. ತಾವಲ್ಲದೆ ಹಟ್ಟಿಯ ಹಿರಿಯ ಜುಂಜಪ್ಪನವರನ್ನೂ ಮೈದುನ ಕೊಟ್ರೇಶನನ್ನೂ ಹೊರಡಿಸಿದರು. ನಾಲ್ಕನೆಯವಳು ಕೆಂಚಕ್ಕ.

"ದೊಡ್ಡತ್ತೆ ಯಾಕೆ ಮಾವ?" ಎಂದೆ ಸಿಟ್ಟಿನಿಂದ.

"ಆಡಿದ ಬಾಯಿಗೆ ಕಿವೀನೂ ಐತೆ ಕಣವ್ವ. ಅವಳೇ ಕೇಳ್ಲಿ."

ಬಸ್ಸಿನಲ್ಲಿ ಹೋಗಿ ಇಳಿದರೆ ಶೋರೂಮಿನಲ್ಲಿ ಬಿಳಿ ಕಾರಿಗೆ ಕೆಂಪು ರಿಬ್ಬನ್ ಕಟ್ಟಿ ಇಟ್ಟಿದ್ದರು. ಮುರುಗೇಶಪ್ಪ ಹಾರ ಹಿಡಿದು ಬಂದರು. "ಬರ್ರಿ ಯಜಮಾನ್ರೇ, ಕುಂತ್ಕಳ್ರಿ. ಕೀ ತಗಳ್ರಿ, ಒಂದು ಫೋಟೋ ತೆಗೆಯಾಣ."

ಮಾವ ಕುಳಿತರು, ಕೀ ಮುಟ್ಟಲಿಲ್ಲ. "ಮೊದ್ಲು ಹೇಳ್ರಿ. ರೋಗ ಗಾಡೀದು, ನಮ್ಮ ಹುಡುಗಿ ಕೈ ಒಳ್ಳೇದು ಅಂತ."

ಮ್ಯಾನೇಜರ್ ಮುಖ ಇಳಿಯಿತು. "ಹಂಗೆ ಹೇಳಾಕೆ ಕಂಪನಿ ಬಿಡಲ್ಲ ಯಜಮಾನ್ರೇ. ಗಾಡೀಲಿ ದೋಷ ಇತ್ತು ಅಂತ ನಾವು ಒಪ್ಪಂಗಿಲ್ಲ. ಕಂಪನಿ ಪ್ರೀತಿಯಿಂದ ಕೊಡ್ತಾ ಐತೆ, ಅಷ್ಟೆ."

"ಪ್ರೀತಿ ಯಾಕ್ರೀ? ನಾವೇನು ನಿಮ್ಮ ನೆಂಟರಾ?"

ನನಗೋ, ಎದುರಿಗೆ ಹೊಸ ಕಾರು ಮಿಂಚುತ್ತಿದೆ. ಸಾಕು ಬಿಡಿ ಮಾವ, ತಗೊಂಡು ಹೋಗೋಣ ಎನ್ನುವ ಮಾತು ನಾಲಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ, ಶೋರೂಮಿನವರು ಕೊಟ್ಟ ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಿದ್ದ ಕೆಂಚಕ್ಕ ಜುಂಜಪ್ಪನವರ ಕಡೆ ಬಾಗಿದಳು.

"ನೋಡಣ್ಣ, ಗಾಡಿ ತಪ್ಪು ಅಂತ ಅವ್ರೂ ಒಪ್ಪಲಿಲ್ಲ."

ನಾಲಗೆ ತುದಿಯ ಮಾತನ್ನು ನುಂಗಿಕೊಂಡೆ. "ನಂಗೆ ಹೊಸ ಗಾಡಿ ಬ್ಯಾಡ ಸರ್" ಎಂದೆ. "ಆ ಹಳೇದನ್ನೇ ತಳ್ಕಂಡು ಊರಿಗೆ ಹೋಗ್ತೀನಿ. ಮಾತು ಕೊಡಂಗಿದ್ರೆ ಕೊಡ್ರಿ, ಇಲ್ಲಾಂದ್ರೆ ಏನೂ ಬ್ಯಾಡ." ಹೇಳುವಷ್ಟರಲ್ಲಿ ಕಣ್ಣು ತುಂಬಿಬಂತು. ಇಷ್ಟು ಜನರ ಎದುರು ಅಳುತ್ತಿದ್ದೇನಲ್ಲ ಎಂದು ನನ್ನ ಮೇಲೇ ಕೋಪವೂ ಬಂತು.

ಮುರುಗೇಶಪ್ಪ ಹಾರವನ್ನು ಮೇಜಿನ ಮೇಲಿಟ್ಟು ಕುರ್ಚಿ ಎಳೆದುಕೊಂಡು ಕುಳಿತರು. ದನಿ ತಗ್ಗಿಸಿದರು.

"ಕಂಪನಿ ಮಾತು ನಾನು ಆಡಾಕಾಗಲ್ಲಮ್ಮ. ನನ್ನ ಮಾತು ಹೇಳ್ಲಾ? ಹೋದ ಭಾನುವಾರ ನಿಮ್ಮ ಗಾಡೀನ ಪರೀಕ್ಷೆಗೆ ಅಂತ ಸಿರಿಗೆರೆ ಕಡೆ ಓಡಿಸ್ಕಂಡು ಹೋದೆ. ಮನೆಯವಳೂ ಮಠಕ್ಕೆ ಬರ್ತೀನಂತ ಹತ್ತಿದ್ಲು. ಏರಿನಾಗೆ ನಿಂತೇಬಿಡ್ತು. ನಾನು ಬಿಳಿ ಅಂಗಿ ಹಾಕ್ಕಂಡು ತಳ್ಳಾದು, ಹಿಂದೆ ಲಾರಿಯೋರು ಹಾರನ್ ಹೊಡಿಯಾದು. ಇಷ್ಟು ವರ್ಷ ಕಾರು ಮಾರಿದ್ರೂ ಓಡ್ಸಾಕೆ ಬರಲ್ವಲ್ಲ ನಿಮಗೆ ಅಂತ ಬೈದು, ಅವಳು ಬಸ್ ಹತ್ತಿ ಹೋದ್ಲು. ಇವತ್ತಿಗೂ ಸರಿಯಾಗಿ ಮಾತಾಡ್ತಿಲ್ಲ."

ಜುಂಜಪ್ಪನವರು ಟವೆಲ್ ಬಾಯಿಗಿಟ್ಟುಕೊಂಡು ನಕ್ಕರು. ಕೆಂಚಕ್ಕ ಮಾತ್ರ ನಗಲಿಲ್ಲ. ಟೀ ಲೋಟ ಕೆಳಗಿಟ್ಟು ಮ್ಯಾನೇಜರರ ಎರಡೂ ಕೈಗಳನ್ನು ಮರುಕದಿಂದ ನೋಡಿದಳು.

"ಅಯ್ಯೋ ಪಾಪ. ಹಂಗಾದ್ರೆ ನಿಮ್ಮ ಕೈಗುಣಾನೂ ಕೆಟ್ಟೈತೆ ಅನ್ರಿ."

ಮುರುಗೇಶಪ್ಪ ಚೇಳು ಕಡಿದವರಂತೆ ಎದ್ದು ನಿಂತರು. "ನನ್ನ ಕೈಗೇನಾಗೈತಮ್ಮ? ನನ್ನ ಕೈ ಸರಿಗೈತೆ, ಈ ಹುಡುಗಿ ಕೈನೂ ಸರಿಗೈತೆ. ರೋಗ ಇರಾದು ಆ ಗಾಡೀಗೆ!"

ಆ ಕೂಗಿಗೆ, ಆಚೆ ಕಾರು ನೋಡುತ್ತಿದ್ದ ಗಿರಾಕಿಗಳೆಲ್ಲ ತಿರುಗಿದರು. ಮಾವ ಕಂಬಳಿ ಕೊಡವಿಕೊಂಡು ಎದ್ದು, "ಕೇಳಿದ್ರಾ ನಾಲ್ಕೂ ಜನ? ಕೆಂಚಕ್ಕ, ನೀನು?" ಎಂದರು.

"ಕೇಳ್ದೆ ಕಣಪ್ಪ, ನಂಗೇನು ಕಿವುಡಾ?" ಎಂದವಳೇ ಕೆಂಚಕ್ಕ, ಯಾರನ್ನೂ ಕೇಳದೆ ಹೊಸ ಕಾರಿನ ಮುಂದಿನ ಸೀಟಿನಲ್ಲಿ ಹೋಗಿ ಕುಳಿತಳು. ಕೀಯನ್ನು ಮುರುಗೇಶಪ್ಪ ನನ್ನ ಕೈಗೇ ಕೊಟ್ಟರು. "ನಮ್ಮ ಮನೆಯವಳಿಗೆ ಒಂದು ಫೋನ್ ಮಾಡಿ ನೀವೂ ಹೇಳ್ತೀರಾ ಮೇಡಂ?" ಎಂದು ಕೇಳಿದಾಗ ಪಾಪ ಎನಿಸಿತು. ಮಾಡಿದೆ.

ವಾಪಸ್ ಬರುವಾಗ ಏರುಗಳನ್ನೆಲ್ಲ ಕಾರು ಸಲೀಸಾಗಿ ಹತ್ತಿತು. ಹೊಳಲ್ಕೆರೆ ದಾಟಿದ ಮೇಲೆ, ಕೆಂಚಕ್ಕನ ಮಾತು ಕೇಳುತ್ತಾ ಒಂದು ರೋಡ್ ಹಂಪಿನ ಬಳಿ ನಿಧಾನ ಮಾಡಿದೆ. ಗಕ್ಕನೆ ಆಫ್ ಆಗಿ ನಿಂತಿತು. ಹಿಂದಿನ ಸೀಟಿನಲ್ಲಿ ಮೂವರೂ ಉಸಿರು ಬಿಗಿಹಿಡಿದರು.

"ಇದಕ್ಕೂ ರೋಗ!" ಕೆಂಚಕ್ಕ ಡ್ಯಾಶ್‌ಬೋರ್ಡಿಗೆ ಒಂದು ಗುದ್ದಿದಳು. "ತಿರುಗ್ಸೇ ರೋಜಾ, ಇದನ್ನೂ ವಾಪಸ್ ಕೊಟ್ಟು ಬರಾಣ. ನಾನೇ ಸಾಕ್ಷಿ ಹೇಳ್ತೀನಿ."

ನನಗೆ ನಗು ತಡೆಯಲಾಗಲಿಲ್ಲ. "ಇಲ್ಲ ದೊಡ್ಡತ್ತೆ, ಗಾಡೀದೇನೂ ಇಲ್ಲ. ನಾನೇ ಕ್ಲಚ್ ಬೇಗ ಬಿಟ್ಟೆ. ನಂದೇ ತಪ್ಪು."

ತಪ್ಪು ನನ್ನದು ಎಂದು ಹೇಳುವುದರಲ್ಲಿ ಇಷ್ಟು ಸುಖವಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

"ಹೌದಾ?" ಕೆಂಚಕ್ಕ ಸೀಟಿಗೆ ಒರಗಿ ಕಾಲು ಚಾಚಿದಳು. "ತಪ್ಪು ಮಾಡ್ದಿರೋ ಕೈ ಯಾವ್ದೈತೆ ಬಿಡವ್ವ. ನಡಿ, ಹೊತ್ತಾಯ್ತು."