ಸಂಜೆಯ ವಾಸನೆ

ಗಂಡ ಆಫೀಸಿನಿಂದ ಬಂದು ಚಾವಡಿಯ ಗೂಟಕ್ಕೆ ಅಂಗಿ ತೂಗುಹಾಕಿದ ಅರ್ಧ ಗಂಟೆಗೆ ಘಮ್ಮೆಂದು ಅತ್ತರಿನಂಥ ವಾಸನೆ. ಬೆಳಿಗ್ಗೆ ಅದೇ ಅಂಗಿಗೆ ಸರೋಜ ಮೂಗು ಹಚ್ಚಿದರೆ ಬರೀ ಬೆವರು. ನಾಲ್ಕು ದಿನದಿಂದ ಇದೇ ಕಥೆ. ತಲೆಗೆ ಹುಳ ಬಿಟ್ಟುಕೊಳ್ಳಲು ಹೆಂಡತಿಯಾದವಳಿಗೆ ಇನ್ನೇನು ಬೇಕು ಹೇಳಿ!

ಗಂಡ ಮಹಾಬಲ ಕೊಚ್ಚಿಯಲ್ಲಿ ಕೇಂದ್ರ ಸರ್ಕಾರದ ಗುಮಾಸ್ತ. ಕಾಸರಗೋಡಿನವನು, ಮಾತು ಕಡಿಮೆ, ಗಿಡದ ಹುಚ್ಚು ಜಾಸ್ತಿ. ಯಾವ ಗೆಲ್ಲು ಕಡಿದರೂ ಗಾಯಕ್ಕೆ ಸೆಗಣಿ ಮೆತ್ತಿ ಬಟ್ಟೆ ಕಟ್ಟಬೇಕು, ಅವನ ಅಮ್ಮ ಕಲಿಸಿದ್ದು. ನುಗ್ಗೆಮರಕ್ಕೂ ಬ್ಯಾಂಡೇಜು ಎಂದು ಅವರ ಮನೆಯಿದ್ದ ಎಡಪ್ಪಳ್ಳಿಯ ನೆರೆಕರೆಯವರೆಲ್ಲ ನಗುತ್ತಿದ್ದರು. ತಿಂಗಳಿಗೊಮ್ಮೆ ಆಫೀಸಿನ ಕೆಲಸಕ್ಕೆ ತಿರುವನಂತಪುರಕ್ಕೆ ಹೋಗಿ ಎರಡು ದಿನ ಲಾಡ್ಜಿನಲ್ಲಿ ಉಳಿಯುತ್ತಿದ್ದ. ಲಾಡ್ಜು ಎಂದು ಹೇಳುತ್ತಿದ್ದವನು ಅವನೇ. ಹನ್ನೆರಡು ವರ್ಷ ಸರೋಜ ಅದನ್ನು ನಂಬಿದ್ದಳು.

"ಎಂತದು ವಾಸನೆ?" ಎಂದು ಕೇಳಿಯೇಬಿಟ್ಟಳು.

"ನನಗೆ ನೆಗಡಿ ಮಾರಾಯ್ತಿ, ಎಂತದೂ ಗೊತ್ತಾಗುವುದಿಲ್ಲ" ಎಂದ. ನೆಗಡಿಯವನು ಒಮ್ಮೆಯಾದರೂ ಸೀನಬೇಡವೇ?

ಮರುದಿನ ಮುಸ್ಸಂಜೆ ಪಕ್ಕದ ಮನೆಯ ಯಜ್ಞನಾರಾಯಣ ಮಾಷ್ಟ್ರು ಪೇಪರು ಹಿಂದಿರುಗಿಸಲು ಬಂದರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಬಾಗಿಲಲ್ಲೇ ಮೂಗೆಳೆದು, ನೇರ ಗೂಟದ ಕೆಳಗಿನ ಕುಂಡದ ಹತ್ತಿರ ಹೋದರು. ಜೋಳದ ಎಲೆಯಂಥ ಉದ್ದುದ್ದ ಎಲೆಗಳ ಗಿಡ.

"ನಿಮ್ಮ ಡ್ರಸೀನ ಹೂ ಬಿಟ್ಟಿದೆ ಸರೋಜ. ಇದು ಹಗಲಿಗೆ ಮುಚ್ಚಿ ಕೂತು ಸಂಜೆಗೆ ಅರಳುವ ಜಾತಿ. ಬೆಳಗಾಗುವಾಗ ವಾಸನೆಯೂ ಇಲ್ಲ, ಏನೂ ಇಲ್ಲ."

ಹಗಲಲ್ಲಿ ಭತ್ತದ ಕಾಳಿನಂತಿದ್ದ ಮೊಗ್ಗುಗಳು ಬೆಳ್ಳಗೆ ಬಿರಿದಿದ್ದವು. ಸರೋಜಳಿಗೆ ನಾಚಿಕೆಯಿಂದ ಅಳುವೇ ಬಂತು. ಪಾಪದ ಗಂಡನನ್ನು ಮನಸ್ಸಿನಲ್ಲಿ ಏನೆಲ್ಲ ಬೈದಿದ್ದಳು!

"ಕುಂಡದಲ್ಲಿ ಹೂ ಬಿಡುವುದು ಅಪರೂಪ. ಎಲ್ಲಿಂದ ಬಂತು?" ಎಂದರು ಮಾಷ್ಟ್ರು.

"ಹೋದ ವರ್ಷ ಇವರು ತಿರುವನಂತಪುರದ ಲಾಡ್ಜಿನ ಅಂಗಳದಿಂದ ತುಂಡು ತಂದರು."

"ಹಾಗಾದರೆ ಅಲ್ಲಿ ಆಳೆತ್ತರದ ಹಳೇ ಗಿಡ ಇರಬೇಕು. ಪ್ರಾಯಕ್ಕೆ ಬಂದ ಗಿಡದ ತುದಿ ನೆಟ್ಟರೆ ಬೇಗ ಹೂ ಬಿಡುವುದುಂಟು. ಆ ತಾಯಿಗಿಡವೂ ಈಗ ಬಿಟ್ಟಿರಬಹುದು."

ತಪ್ಪು ತೊಳೆದುಕೊಳ್ಳುವ ಆಸೆಯಿಂದ ಸರೋಜ ಆ ರಾತ್ರಿ ಪಾಯಸ ಮಾಡಿದಳು. "ಈ ಸಲ ತಿರುವನಂತಪುರಕ್ಕೆ ನಾನೂ ಬರ್ತೇನೆ" ಎಂದಳು. ಮಹಾಬಲನ ಕೈ ತಟ್ಟೆಯಲ್ಲೇ ನಿಂತಿತು.

"ಲಾಡ್ಜು ಹೆಂಗಸರಿಗೆ ಸರಿಯಾಗ್ಲಿಕ್ಕಿಲ್ಲ."

ಸರಿಯಾಗದಿದ್ದರೂ ಹಟ ಹಿಡಿದು ಹೋದಳು. ಲಾಡ್ಜು ನಿಜವಾಗಿಯೂ ಇತ್ತು. ಅಂಗಳ ಮಾತ್ರ ಪೂರ್ತಿ ಸಿಮೆಂಟು. ಅದೂ ಹಾವಸೆ ಹಿಡಿದ ಹಳೇ ಸಿಮೆಂಟು, ಒಂದು ಗರಿಕೆಗೂ ಜಾಗವಿಲ್ಲ. "ಗಿಡ ಎಲ್ಲಿ?" ಎಂದರೆ, "ಕಡಿದಿರಬೇಕು" ಎಂದ. ಸತ್ತುಹೋಗಿದ್ದ ಹುಳ ಮತ್ತೆ ಅಲುಗಾಡಿತು.

ಸಂಜೆ ದೇವಸ್ಥಾನಕ್ಕೆ ಹೊರಟಿದ್ದರು. ಒಂದು ಓಣಿಯ ಬಾಯಲ್ಲಿ ಅದೇ ವಾಸನೆ.

"ಆ ಕಡೆ ಬೇಡ, ಕೆಸರುಂಟು" ಎಂದ ಮಹಾಬಲ.

ಮಳೆ ನಿಂತು ತಿಂಗಳಾಗಿತ್ತು. ಸರೋಜ ತಿರುಗಿಯೂ ನೋಡದೆ ಓಣಿಗೆ ನಡೆದಳು. ಮೂರನೆಯ ಮನೆಯ ಗೇಟಿನ ಒಳಗೆ ಆಳೆತ್ತರದ ಗಿಡ, ಎರಡು ಕಾಂಡ. ಒಂದರ ತುದಿಯಲ್ಲಿ ಗೊಂಚಲು ಹೂ. ಇನ್ನೊಂದರ ತುದಿ ಕಡಿದು, ಒಣಗಿದ ಸೆಗಣಿಯ ಮೇಲೆ ಬಟ್ಟೆ ಬಿಗಿದಿತ್ತು. ಮಾಸಿದ ಬಿಳಿ ಬಟ್ಟೆ, ಹಸಿರು ಅಂಚು, ಅಂಚಿನಲ್ಲಿ ಸಣ್ಣ ಕೆಂಪು ಗೆರೆ. ಎರಡು ವರ್ಷದ ಹಿಂದಿನ ದೀಪಾವಳಿಗೆ ಅವಳ ಅಪ್ಪ ಅಳಿಯನಿಗೆ ಕೊಟ್ಟಿದ್ದ ಪಂಚೆ. ದೋಬಿ ಕಳೆದುಬಿಟ್ಟ ಎಂದು ಮಹಾಬಲ ಹೇಳಿದ್ದು, ಇವಳು ದೋಬಿಯ ಜೊತೆ ವಾರವಿಡೀ ಜಗಳವಾಡಿದ್ದು.

ಬಾಗಿಲು ತೆರೆದು ಹೆಂಗಸೊಬ್ಬಳು ಮೆಟ್ಟಿಲಿಗೆ ಬಂದಳು. ಸರೋಜಳ ಹೆಗಲಾಚೆ ನಿಂತಿದ್ದವನನ್ನು ಕಂಡು ಮಲಯಾಳದಲ್ಲಿ, "ಈ ಸಲ ಬರುವುದಿಲ್ಲ ಅಂತ ಕಾಗದ ಹಾಕಿದ್ದಿರಲ್ಲ?" ಎಂದಳು.

ಮಹಾಬಲ ಒಂದು ಹೆಜ್ಜೆ ಹಿಂದಕ್ಕಿಟ್ಟ.

"ದೋಬಿ ಕಳೆದ ಪಂಚೆ ಇಲ್ಲುಂಟು" ಎಂದಳು ಸರೋಜ, ಗೇಟಿನ ಅಗುಳಿ ತೆಗೆಯುತ್ತ.