ನೀರಾನೆಯ ಹೊಟ್ಟೆಯೊಳಗೆ

"ಅಯ್ಯೋ, ನಮ್ಮ ಪುಟ್ಟಿ ಎಲ್ಲಿ ಮಾಯವಾದ್ಲಪ್ಪಾ! ಮೇಸ್ತ್ರಿ, ನೀವೇನಾದ್ರೂ ನೋಡಿದ್ರಾ?"

ದೊಡ್ಡಮ್ಮ ಬೇಕೆಂದೇ ದನಿ ಏರಿಸಿದಳು. ಬಡಗಿ ಮೇಸ್ತ್ರಿ ಉಳಿ ಕೆಳಗಿಟ್ಟು, ಮೀಸೆಯಡಿಯಲ್ಲೇ ನಗುತ್ತಾ, "ಇಲ್ಲಾ ಮೇಡಂ, ಗಾಳೀಲಿ ಹಾರಿಹೋದ್ಲೋ ಏನೋ" ಎಂದ. ಹುಡುಗಿ ನೀರಾನೆಯ ಹೊಟ್ಟೆಯಲ್ಲಿ ಅಡಗಿದ್ದಾಳೆಂದು ಇಬ್ಬರಿಗೂ ಗೊತ್ತಿತ್ತು.

ಮಕ್ಕಳಿಗೆ ಮರದ ಪ್ರಾಣಿಗಳನ್ನು ಮಾಡುವುದೇ ದೊಡ್ಡಮ್ಮನ ಕಸುಬು. ಕರಡಿ ಕುರ್ಚಿ, ಆಮೆ ಮೇಜು, ಈಗ ಆಟಿಕೆ ತುಂಬಿಡಲು ಈ ನೀರಾನೆ ಪೆಟ್ಟಿಗೆ. ಯಾವ ಪ್ರಾಣಿಯೇ ಆಗಲಿ, ಅಂಗಡಿಗೆ ಹೋಗುವ ಮುಂಚೆ ತಂಗಿಯ ಮಗಳು ಅದರ ಮೇಲೆ ಹತ್ತಿ, ಕುಣಿದು, ಬೇಕಾದರೆ ಕಚ್ಚಿಯೂ ನೋಡಬೇಕು. ಅದು ಆ ಶೆಡ್ಡಿನ ಕಟ್ಟಳೆ. ನೀರಾನೆಯ ಮೂಗು ಒತ್ತಿದರೆ ಬಾಯಿ ತೆರೆಯುತ್ತಿತ್ತು. ಮುಚ್ಚಿದರೆ ಕೂದಲೆಳೆಯೂ ನುಸುಳದ ಹಾಗೆ ಕೂರುತ್ತಿತ್ತು. ಆಟಿಕೆಗಳು ಸದ್ದು ಮಾಡದಿರಲೆಂದು ಒಳಗೆಲ್ಲ ದಪ್ಪ ಮೆತ್ತೆ. ಮೇಸ್ತ್ರಿಗೆ ಅದರ ಬಗ್ಗೆ ಕೊಂಚ ಜಂಬ, ದೊಡ್ಡಮ್ಮನಿಗೆ ಇನ್ನೂ ಹೆಚ್ಚು.

ಒಳಗಿನಿಂದ ಮೆಲ್ಲಗೆ ಬಡಿದ ಸದ್ದಾಯಿತು. ದೊಡ್ಡಮ್ಮ ನೀರಾನೆಯ ಬೆನ್ನಿನ ಮೇಲೆ ತಾನೂ ಬಡಿದಳು.

"ಹೊಟ್ಟೆ ಗುರುಗುಟ್ತಾ ಇದೆ ಮೇಸ್ತ್ರಿ, ಏನೋ ತಿಂದಿರ್ಬೇಕು!"

ಬಡಿತ ಜೋರಾಯಿತು. ಇವರ ನಗುವೂ ಜೋರಾಯಿತು. ಬೇಗ ಪತ್ತೆ ಹಚ್ಚಿದರೆ ಹುಡುಗಿಗೆ ಮುನಿಸು ಬರುತ್ತದೆಂದು ದೊಡ್ಡಮ್ಮ ಹಲಗೆಗಳ ಹಿಂದೆ ಹುಡುಕಿದಳು, ಅಂಗಳಕ್ಕೂ ಹೋಗಿ ಕೂಗಿ ಬಂದಳು. ನಡುವೆ ಅಂಗಡಿಯವನ ಫೋನು ಬಂದು, ನೀರಾನೆಗೆ ಯಾವ ಬಣ್ಣ ಬಳಿಯಬೇಕೆಂಬ ಮಾತು ಸ್ವಲ್ಪ ಉದ್ದವಾಯಿತು. ಫೋನು ಇಟ್ಟಾಗ ಬಡಿತ ನಿಂತಿತ್ತು.

"ಬೇಜಾರಾಯ್ತು ಅನ್ಸುತ್ತೆ," ಎಂದು ಬಂದು ಮೂಗು ಒತ್ತಿದಳು.

ಹುಡುಗಿ ಮೂಲೆಯಲ್ಲಿ ಮುದುಡಿ ಬಿದ್ದಿದ್ದಳು. ತುಟಿ ನೀಲಿಗಟ್ಟಿತ್ತು. ಬೆವರಿಗೆ ಕೂದಲೆಲ್ಲ ಹಣೆಗೆ ಅಂಟಿತ್ತು.

ದೊಡ್ಡಮ್ಮನ ಕೈ ಒತ್ತಿದ ಮೂಗಿನ ಮೇಲೇ ಉಳಿಯಿತು. ಕೈ ಚಾಚಬೇಕೆಂದರೆ ಕೈ ಬರಲಿಲ್ಲ. ಮೇಸ್ತ್ರಿಯೇ ಮಗುವನ್ನು ಬಾಚಿ ಎತ್ತಿಕೊಂಡು ಬಾಗಿಲ ಗಾಳಿಗೆ ಓಡಿದ. "ಉಸಿರು ತಗೋ ನನ್ನ ತಾಯಿ, ತಗೋ ತಗೋ" ಎಂದು ಬೆನ್ನು ಉಜ್ಜಿದ.

ನೀರಾನೆಯ ಮೂಗು ಇದ್ದದ್ದು ಹೊರಗೆ. ಒಳಗಿದ್ದವರಿಗೆ ಒತ್ತಲು ಏನೂ ಇರಲಿಲ್ಲ. ಅಷ್ಟು ಸಲ ಚಿತ್ರ ಬರೆದು, ಅಳಿಸಿ, ಮತ್ತೆ ಬರೆದವಳಿಗೆ ಅದು ಈಗ ಹೊಳೆಯಿತು. ಅವಳು ಅಲ್ಲೇ ಕುಸಿದು ಕೂತಳು.

ಮಗು ಕೆಮ್ಮಿತು. ಆಮೇಲೆ ಕಿರುಚಿ ಅತ್ತಿತು. ಆ ಅಳುವಿನಷ್ಟು ಹಿತವಾದದ್ದನ್ನು ದೊಡ್ಡಮ್ಮ ಜನ್ಮದಲ್ಲಿ ಕೇಳಿರಲಿಲ್ಲ. ತೆವಳಿಕೊಂಡೇ ಹೋಗಿ ಮಗುವನ್ನು ಮಡಿಲಿಗೆ ಎಳೆದುಕೊಂಡಳು. ಹಣೆಗಂಟಿದ ಕೂದಲನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದಳು.

ಬಿಕ್ಕುತ್ತಾ ಬಿಕ್ಕುತ್ತಾ ಮಗು ಅವಳ ಮುಖವನ್ನೇ ನೋಡಿತು.

"ತೆಗಿ ಅಂತ ಬಡಿದೆ ದೊಡ್ಡಮ್ಮ. ನಿಂಗೆ ಕೇಳಿಸ್ತು. ನೀನೂ ಬಡಿದೆ. ಆಮೇಲೆ ನಕ್ಕೆ."

ಮೇಸ್ತ್ರಿ ಮುಖ ಆಚೆ ತಿರುಗಿಸಿದ. ಅಷ್ಟರಲ್ಲಿ ಗೇಟು ಕಿರ್ರೆಂದಿತು. "ಹೇಗಿದೆ ಅಕ್ಕಾ ಹೊಸ ಪ್ರಾಣಿ? ನನ್ನ ಮಗಳು ಪಾಸು ಮಾಡಿದ್ಲಾ?" ಎನ್ನುತ್ತಾ ತಂಗಿ ಒಳಬಂದಳು.

ಮಗು ಮಡಿಲಿಂದ ಜಾರಿ ಅಮ್ಮನ ಕಡೆಗೆ ಓಡಿತು. ಮಗುವನ್ನು ತಬ್ಬಿದ್ದ ಅಗಲಕ್ಕೇ ದೊಡ್ಡಮ್ಮನ ಎರಡು ಕೈಗಳೂ ಖಾಲಿಯಾಗಿ ತೆರೆದುಕೊಂಡಿದ್ದವು.