ನಕ್ಷೆಗೊಂದು ಹಾಳೆಟೊಪ್ಪಿ

ಶಿರಸಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಾಲ್ಕು ಜನ ಸೇರಿ ಸಾಫ್ಟ್‌ವೇರ್ ಬರೆಯುತ್ತಿದ್ದರು. ಎರಡು ಸಾವಿರದ ನಾಲ್ಕನೆಯ ಇಸವಿ. ಶ್ರೀವಾಣಿ ಅವರಲ್ಲಿ ಕಿರಿಯಳು. ಸೇರಿ ಎಂಟು ತಿಂಗಳಾಗಿತ್ತು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಅದಕ್ಕಿಂತ ಒಂದು ಕೈ ಮೇಲು.

ಯಾವ ಕೆಲಸಕ್ಕೂ ಮೊದಲು ಅವರಲ್ಲೊಬ್ಬನಾದ ಕಿಶೋರ ಕಂಪ್ಯೂಟರಿನಲ್ಲಿ ಪೆಟ್ಟಿಗೆ, ಬಾಣಗಳ ನಕ್ಷೆ ಬರೆಯುತ್ತಿದ್ದ. ಗುಂಡಿ ಒತ್ತಿದರೆ ನಕ್ಷೆಯಿಂದಲೇ ಕೋಡಿನ ಚೌಕಟ್ಟು ಇಳಿಯುತ್ತಿತ್ತು. ಉಳಿದದ್ದನ್ನು ಎಲ್ಲರೂ ಕೈಯಲ್ಲಿ ತುಂಬುತ್ತಿದ್ದರು. ಹಾಗೆ ತುಂಬಿದ್ದನ್ನು ನಕ್ಷೆಗೂ ಸೇರಿಸದೆ ಮತ್ತೆ ಗುಂಡಿ ಒತ್ತಿದರೆ ಅದು ಅಳಿದುಹೋಗುತ್ತಿತ್ತು. ಕೋಡು ಇರುತ್ತಿದ್ದುದು ಸಿವಿಎಸ್ ಎಂಬ ಭಂಡಾರದಲ್ಲಿ. ಯಾರು, ಯಾವತ್ತು, ಯಾವ ಸಾಲು ತಿದ್ದಿದರು ಎಂಬುದನ್ನು ಅದು ಮರೆಯುತ್ತಿರಲಿಲ್ಲ. ನಕ್ಷೆಗೆ ಆ ಭಾಗ್ಯವಿರಲಿಲ್ಲ. ಇಬ್ಬರು ಒಟ್ಟಿಗೆ ತಿದ್ದಿದರೆ ಕಡತವೇ ಕೆಡುತ್ತಿದ್ದುದರಿಂದ ಅದನ್ನು ಹೊರಗೆ, ಎಲ್ಲರ ಕೈಗೆ ಸಿಗುವ ಫೋಲ್ಡರಿನಲ್ಲಿ ಇಟ್ಟಿದ್ದರು. ಅದರ ಕಾವಲಿಗೆ ಒಂದು ಹಾಳೆಟೊಪ್ಪಿ, ತೋಟದ ಕೆಲಸದವರು ಹಾಕಿಕೊಳ್ಳುವ ಅಡಿಕೆ ಹಾಳೆಯದು. ನಕ್ಷೆ ತೆರೆದವರು ಟೊಪ್ಪಿಯನ್ನು ತಮ್ಮ ಮಾನಿಟರಿನ ಮೇಲಿಡಬೇಕು, ಉಳಿದವರು ನಕ್ಷೆ ಮುಟ್ಟಬಾರದು. ಇಷ್ಟು ಓದಿಕೊಂಡವರಿಗೆ ಕೊನೆಗೆ ದಿಕ್ಕಾದದ್ದು ತೋಟದ ಟೊಪ್ಪಿ.

ಸೋಮವಾರ ಬೆಳಿಗ್ಗೆ ಅಡಿಕೆ ವ್ಯಾಪಾರದ ಅಂಗಳದಿಂದ ಚನ್ನಯ್ಯನವರ ಫೋನು ಬಂತು. ಅಲ್ಲಿ ಮಾರಾಟಕ್ಕೆ ಬಂದ ಅಡಿಕೆ ಲಾಟುಗಳಿಗೆ ಇವರ ಸಾಫ್ಟ್‌ವೇರ್ ಮುದ್ರಿಸುವ ಚೀಟಿ ಹಚ್ಚಿಸುವವರು ಅವರು. ಒಬ್ಬನೇ ಬೆಳೆಗಾರ ಒಂದೇ ದಿನ ಒಣಗಿಸಿ ಸುಲಿದ ಚಾಲಿಯನ್ನೂ ಬೇಯಿಸಿ ಒಣಗಿಸಿದ ಬೆಟ್ಟೆಯನ್ನೂ ತಂದರೆ ಎರಡಕ್ಕೂ ಚಾಲಿ ಎಂದೇ ಚೀಟಿ ಬರುತ್ತಿತ್ತು.

"ಇದನ್ನ ಸರಿ ಮಾಡೇನಿ ಅಂತ ಹೋದ ವಾರ ನೀವs ಹೇಳಿದ್ರಲ್ರೀ ತಂಗಿ," ಎಂದರು.

ಹೇಳಿದ್ದು ನಿಜ, ಮಾಡಿದ್ದೂ ನಿಜ. ಬುಧವಾರ ಆರು ಸಾಲು ಕೈಯಾರೆ ಬರೆದಿದ್ದಳು. ಈಗ ನೋಡಿದರೆ ಆ ಸಾಲುಗಳೇ ಇಲ್ಲ. ಯಜಮಾನರಾದ ದೇವರು ಹೆಗಡೆಯವರು, ಮಾಡಿದ್ದೆಯೋ ಬರೀ ಹೇಳಿದ್ದೆಯೋ ಎಂದು ಕೇಳಿದರು. ಅಷ್ಟು ಮೆಲ್ಲಗೆ ಕೇಳಿದ್ದೇ ಅವಳಿಗೆ ಉರಿಯಿತು. ಇವರು ನಂಬದಿದ್ದರೆ ತನಗಿಲ್ಲಿ ಏನು ಉಳಿಯಿತು? ಗುರುವಾರ ಇಡೀ ದಿನ ಟೊಪ್ಪಿ ಇದ್ದದ್ದು ಕಿಶೋರಣ್ಣನ ಮಾನಿಟರಿನ ಮೇಲೆ, ಮತ್ತೆ ಕೋಡು ಇಳಿಸಿ ತನ್ನ ಸಾಲು ಅಳಿಸಿದವನು ಅವನೇ ಎಂದು ಎಲ್ಲರೆದುರು ಹೇಳಿಬಿಟ್ಟಳು. ಕಿಶೋರ ವಾದ ಮಾಡಲಿಲ್ಲ. ಇನ್ನು ನಕ್ಷೆಯೂ ಭಂಡಾರದೊಳಗೇ ಇರಲಿ, ನಕ್ಷೆ ಮತ್ತು ಕೋಡು ಜೊತೆಯಾಗಿ ಬಾರದಿದ್ದರೆ ಭಂಡಾರ ಒಳಗೆ ಬಿಡದಂತೆ ಮಾಡೋಣ ಎಂದಷ್ಟೇ ಹೇಳಿ ಅದರ ಕೆಲಸಕ್ಕೆ ಕೂತ.

ಮೂರು ದಿನ ಅವನು ತಲೆ ಎತ್ತಲಿಲ್ಲ. ಶ್ರೀವಾಣಿಗೆ ಆ ಮೌನವೇ ತಪ್ಪೊಪ್ಪಿಗೆಯಂತೆ ಕಂಡಿತು. ತನ್ನ ದೂರು ಇನ್ನಷ್ಟು ಗಟ್ಟಿಯಾಗಲಿ ಎಂದು ಗುರುವಾರ ಊಟದ ಹೊತ್ತಿಗೆ ಭಂಡಾರದ ದಾಖಲೆ ತೆಗೆದು ನೋಡಿದಳು. ಆರು ಸಾಲು ಅಳಿದದ್ದು ಹಿಂದಿನ ಗುರುವಾರ ಮಧ್ಯಾಹ್ನ ಮೂರೂ ನಲವತ್ತಕ್ಕೆ. ಎದುರಿಗೆ ಅವಳದೇ ಹೆಸರು.

ಆಗ ನೆನಪಾಯಿತು. ಅಂದು ಕಿಶೋರ ಟೊಪ್ಪಿಯನ್ನು ತನ್ನ ಮಾನಿಟರಿನ ಮೇಲೇ ಬಿಟ್ಟು ಮಂಚಿಕೇರಿಗೆ ಹೋಗಿದ್ದ. ಅಡಿಕೆಯ ತೇವ ಬರೆಯಲು ಒಂದು ಖಾನೆ ಬೇಕೆಂದು ಚನ್ನಯ್ಯ ಕೇಳಿದ್ದರು. ಎರಡು ನಿಮಿಷದ ಕೆಲಸಕ್ಕೆ ಟೊಪ್ಪಿ ಯಾರು ತರುತ್ತಾರೆ ಎಂದುಕೊಂಡು ನಕ್ಷೆ ತೆರೆದು, ಖಾನೆ ಸೇರಿಸಿ, ಗುಂಡಿ ಒತ್ತಿ, ಇಳಿದ ಕೋಡನ್ನು ಭಂಡಾರಕ್ಕೆ ಹಾಕಿದವಳು ಅವಳೇ. ದಾಖಲೆ ಮುಚ್ಚಿಟ್ಟರೆ ಯಾರೂ ಕೇಳುವವರಿರಲಿಲ್ಲ.

ಸಂಜೆ ಕಿಶೋರ ಕರೆದು, ಹೊಸ ವ್ಯವಸ್ಥೆ ಸಿದ್ಧವಾಗಿದೆ, ಕಳೆದ ಸಾಲುಗಳನ್ನೂ ಸೇರಿಸಿ ಮೊದಲ ಸಲ ನೀನೇ ಒಳಗೆ ಹಾಕು ಎಂದ. ಜೊತೆಗೊಂದು ಟಿಪ್ಪಣಿ ಬರೆಯಬೇಕಿತ್ತು. ಅವಳು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಳು: ಚಾಲಿ, ಬೆಟ್ಟೆ ಬೇರೆ ಮಾಡುವ ಆರು ಸಾಲು ಮತ್ತೆ ಸೇರಿಸಿದೆ. ಮೊದಲು ಅಳಿಸಿದ್ದು ಶ್ರೀವಾಣಿ, ಕಿಶೋರ ಅಲ್ಲ.

ಕಿಶೋರ ಬಗ್ಗಿ ಓದಿದ. ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಇವನು ಸೋಮವಾರವೇ ದಾಖಲೆ ನೋಡಿದ್ದಾನೆಂದು ಅವಳಿಗೆ ತಿಳಿಯಿತು.

"ಹೆಸ್ರು ಹಾಕದು ಬ್ಯಾಡಾಗಿತ್ತು. ಒಳಗೆ ಹೋದ್ಮೇಲೆ ಅಳ್ಸಲೆ ಬತ್ತಿಲ್ಲೆ," ಎಂದ. ಭಂಡಾರ ಸೇರಿದ ಟಿಪ್ಪಣಿಯನ್ನು ಯಾರೂ ಅಳಿಸುವಂತಿರಲಿಲ್ಲ.

"ಅಳ್ಸಲೆ ಬತ್ತಿಲ್ಲೆ ಹೇಳೇ ಬರದ್ದು, ಕಿಶೋರಣ್ಣ."

ಎಂಟರ್ ಒತ್ತಿ ಎದ್ದಳು. ಸೋಮವಾರ ಅವನ ಮೇಲೆ ದೂರು ಹೇಳುವಾಗ ನಿಂತಿದ್ದ ಜಾಗದಲ್ಲೇ ಹೋಗಿ ನಿಂತು, ಎಲ್ಲರಿಗೂ ಕೇಳುವಂತೆ ದೇವರು ಹೆಗಡೆಯವರನ್ನು ಕರೆದಳು.